ಮಧುಮೇಹದ ಗಿಡಮೂಲಿಕೆ ಔಷಧಗಳ ಸುರಕ್ಷತಾ ಪರೀಕ್ಷೆಗಾಗಿ ಮನವಿ

ಗೆ,
ಮಾನ್ಯ ಆಯುಕ್ತರು,
ಆಯುಷ್ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು

ಇವರಿಂದ,
ಶಿರಸಿ ತಾಲ್ಲೂಕಿನ ಮಧುಮೇಹಿಗಳು, ಅವರ ಕುಟುಂಬದವರು ಹಾಗೂ ನಾಟಿ ವೈದ್ಯರು

ವಿಷಯ: ಮಧುಮೇಹಕ್ಕೆಂದು ಮಾರುವ ಗಿಡಮೂಲಿಕೆ ಚೂರ್ಣ, ಕಷಾಯ, ಮಾತ್ರೆಗಳ ಸುರಕ್ಷತಾ ಪರೀಕ್ಷೆ ಕುರಿತು.

ಮಾನ್ಯರೇ,

ಮಧುನಾಶಿನಿ ಎಲೆ ಜಗಿದ ಮೇಲೆ ಬಾಯಿಗೆ ಹಾಕಿಕೊಂಡ ಸಕ್ಕರೆ ಮರಳಿನಂತೆ ಸಪ್ಪೆಯಾಗುವುದನ್ನು ಚಿಕ್ಕಂದಿನಿಂದ ಕಂಡವರು ನಾವು. ಅಮೃತಬಳ್ಳಿ ನಮ್ಮ ಹಿತ್ತಲಲ್ಲಿದೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿಯಿಡೀ ಇಟ್ಟ ನೀರನ್ನು ಬೆಳಿಗ್ಗೆ ಕುಡಿಯುವವರು ನಮ್ಮಲ್ಲಿದ್ದಾರೆ. ಈ ಮದ್ದುಗಳ ಮೇಲೆ ನಂಬಿಕೆಯಿರುವುದರಿಂದಲೇ ಅವನ್ನು ಪರೀಕ್ಷಿಸಿ ಎಂದು ಕೇಳುತ್ತಿದ್ದೇವೆ.

ನಮ್ಮ ನಡುವಿನ ಹಿರಿಯ ತಾಯಿಯೊಬ್ಬರು ವೈದ್ಯರು ಬರೆದುಕೊಟ್ಟ ಮಾತ್ರೆಯ ಜೊತೆಗೆ ಪೊಟ್ಟಣದ ಚೂರ್ಣವೊಂದನ್ನೂ ತೆಗೆದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲಿತು. ರಕ್ತದ ಸಕ್ಕರೆಯ ಅಂಶ 48ಕ್ಕೆ ಇಳಿದಿತ್ತು. ಪೊಟ್ಟಣದ ಮೇಲೆ ಮೂಲಿಕೆಗಳ ಹೆಸರಿತ್ತು. ಬ್ಯಾಚ್ ಸಂಖ್ಯೆಯಿರಲಿಲ್ಲ, ಪರವಾನಗಿ ಸಂಖ್ಯೆಯೂ ಇರಲಿಲ್ಲ. ಸದ್ಯ ಅವರು ಹುಷಾರಾಗಿದ್ದಾರೆ. ಆದರೆ ಆ ಚೂರ್ಣದಲ್ಲಿ ಏನಿತ್ತೆಂದು ಇಂದಿಗೂ ತಿಳಿದಿಲ್ಲ. ಅದನ್ನು ಪರೀಕ್ಷೆಗೆ ಎಲ್ಲಿ ಕೊಡಬೇಕೆಂದು ಆ ಮನೆಯವರಿಗೆ ಹೇಳುವವರೇ ಇರಲಿಲ್ಲ.

ಇದು ಬರೀ ಅಂಜಿಕೆಯ ಮಾತಲ್ಲ. 2009ರ ಜನವರಿಯಲ್ಲಿ ಚೀನಾದ ಶಿನ್‌ಜಿಯಾಂಗ್‌ನಲ್ಲಿ ಸಕ್ಕರೆ ಕಾಯಿಲೆಯ ಮೂಲಿಕೆ ಕ್ಯಾಪ್ಸೂಲ್ ನುಂಗಿ ಇಬ್ಬರು ತೀರಿಕೊಂಡರು. ಅದಕ್ಕೆ ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಇಳಿಸುವ ಅಲೋಪತಿ ಔಷಧ ಬೆರೆಸಿದ್ದರು. ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸುಮಾರು ಐದರಲ್ಲೊಂದು ಭಾಗದಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತು. ಹಲವು ಮಧುಮೇಹಿಗಳ ಮೂತ್ರಪಿಂಡ ಮೊದಲೇ ಸೋತಿರುತ್ತದೆ. ಅವರು ಮದ್ದನ್ನು ಸೇವಿಸುವುದೂ ವಾರ, ತಿಂಗಳ ಮಟ್ಟಿಗಲ್ಲ, ವರ್ಷಗಟ್ಟಲೆ. ಇನ್ನು ಮೂಲಿಕೆಯ ಗುರುತಿನ ಮಾತು: ಅಮೃತಬಳ್ಳಿಯನ್ನೇ ಹೋಲುವ ಅದರ ಜಾತಿಯ ಇನ್ನೊಂದು ಬಳ್ಳಿಯಿದೆ. ಹಸಿ ಬಳ್ಳಿಯನ್ನು ನಮ್ಮ ನಾಟಿ ವೈದ್ಯರು ಗುರುತಿಸಿಯಾರು, ಒಣಗಿಸಿ ಪುಡಿ ಮಾಡಿದ ಮೇಲೆ ಅವರ ಕಣ್ಣಿಗೂ ಎರಡೂ ಒಂದೇ.

ಔಷಧ ಮತ್ತು ಪ್ರಸಾಧನ ಕಾಯ್ದೆಯಡಿಯ ನಿಯಮ 158ಬಿ ಪ್ರಕಾರ ಶಾಸ್ತ್ರಗ್ರಂಥದಲ್ಲಿರುವ ಔಷಧ ಯೋಗವನ್ನು ಗ್ರಂಥೋಕ್ತ ರೀತಿಯಲ್ಲೇ ತಯಾರಿಸಿದರೆ ಪರವಾನಗಿಗೆ ಪ್ರತ್ಯೇಕ ಸುರಕ್ಷತಾ ಅಧ್ಯಯನ ಬೇಕಿಲ್ಲ. ಗ್ರಂಥಕರ್ತರ ಅನುಭವವನ್ನು ನಾವು ಗೌರವಿಸುತ್ತೇವೆ. ಆದರೆ ಆ ಯೋಗವನ್ನು ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮುಂತಾದ ಅಲೋಪತಿ ಮಾತ್ರೆಗಳ ಜೊತೆ ಸೇವಿಸಿದರೆ ಏನಾದೀತೆಂದು ಯಾವ ಗ್ರಂಥವೂ ಹೇಳಲಾರದು. ಹೊರದೇಶಕ್ಕೆ ಹೋಗುವ ಮೂಲಿಕೆ ಔಷಧಗಳಿಗೆ 2006ರ ಜನವರಿ 1ರಿಂದ ಭಾರಲೋಹ ಪರೀಕ್ಷೆ ಕಡ್ಡಾಯವಾಗಿದೆ. ಪರದೇಶದವರಿಗೆ ಸಿಗುವ ಆ ಕಾಳಜಿ ಶಿರಸಿಯ ಸಂತೆಯಲ್ಲಿ ಕೊಳ್ಳುವವರಿಗೂ ಸಿಗಲೇಬೇಕು.

ಆದ್ದರಿಂದ ನಮ್ಮ ಮೊದಲ ಹಾಗೂ ಮುಖ್ಯ ಬೇಡಿಕೆ: ರಾಜ್ಯದಲ್ಲಿ ಪರವಾನಗಿ ಪಡೆದ ಮಧುಮೇಹದ ಪ್ರತಿಯೊಂದು ಮೂಲಿಕೆ ಔಷಧದ ಪ್ರತಿ ಬ್ಯಾಚನ್ನೂ ಮೂಲಿಕೆಯ ಗುರುತು, ಭಾರಲೋಹ ಮತ್ತು ಕಲಬೆರಕೆ ಅಲೋಪತಿ ಔಷಧಕ್ಕಾಗಿ ಪರೀಕ್ಷಿಸಬೇಕು. ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ ಎಂಬ ಮಿತಿಗಳು ಈಗಾಗಲೇ ಇವೆ. ಅವನ್ನೇ ಪಾಲಿಸಿದರೆ ಸಾಕು. ಫಲಿತಾಂಶವನ್ನು ಬ್ಯಾಚ್ ಸಂಖ್ಯೆಯ ಸಮೇತ ಕನ್ನಡದಲ್ಲಿ ಪ್ರಕಟಿಸಬೇಕು. ಔಷಧ ಪರಿವೀಕ್ಷಕರು ಸಂತೆ, ಜಾತ್ರೆಗಳಿಗೇ ಹೋಗಿ ಪರವಾನಗಿಯಿಲ್ಲದ ಪೊಟ್ಟಣಗಳ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕು.

ಔಷಧ ಮತ್ತು ಪ್ರಸಾಧನ ಕಾಯ್ದೆಯ 26ನೇ ಸೆಕ್ಷನ್‌ನಡಿ ಅಲೋಪತಿ ಔಷಧ ಕೊಂಡವರು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಅದನ್ನು ಪರೀಕ್ಷೆ ಮಾಡಿಸಿಕೊಳ್ಳಬಹುದು. ಚೂರ್ಣ ಕೊಂಡವರಿಗೂ ಆ ದಾರಿ ತೆರೆಯುವಂತೆ ಕೇಂದ್ರಕ್ಕೆ ಶಿಫಾರಸು ಮಾಡಬೇಕು; ಅಲ್ಲಿಯವರೆಗೆ ತಾಲ್ಲೂಕು ಆಯುಷ್ ಚಿಕಿತ್ಸಾಲಯಗಳಲ್ಲಿ ಮಾದರಿ ಸ್ವೀಕರಿಸಬೇಕು. ಅಡ್ಡಪರಿಣಾಮ ವರದಿ ಮಾಡುವ ನಮೂನೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕನ್ನಡದಲ್ಲಿ ಸಿಗಬೇಕು.

ಮಧುಮೇಹವನ್ನು ಗುಣಪಡಿಸುತ್ತೇವೆಂಬ ಜಾಹೀರಾತನ್ನು ಆಕ್ಷೇಪಾರ್ಹ ಔಷಧ ಜಾಹೀರಾತುಗಳ ಕುರಿತ 1954ರ ಕಾಯ್ದೆ ನಿಷೇಧಿಸಿದೆ. ಆದರೂ ಬಸ್ ನಿಲ್ದಾಣದ ಗೋಡೆಗಳ ಮೇಲೆ ಅದು ರಾಜಾರೋಷವಾಗಿ ನಡೆದಿದೆ. ಅಂಥ ಮಾತು ನಂಬಿ ಇನ್ಸುಲಿನ್ ಬಿಟ್ಟ ಮಕ್ಕಳ ಜೀವಕ್ಕೇ ಕುತ್ತು. ಕ್ರಮ ಕೈಗೊಳ್ಳಿ.

ಹಸಿ ಎಲೆ, ಬೇರು ಕೊಟ್ಟು ಊರಿನ ಸೇವೆ ಮಾಡುವ ನಾಟಿ ವೈದ್ಯರಿಗೆ ಈ ಕ್ರಮಗಳಿಂದ ಕಿರುಕುಳವಾಗಬಾರದು. ಸಸ್ಯ ಗುರುತಿಸುವ ಕೆಲಸಕ್ಕೆ ಅವರನ್ನೇ ಕರೆಸಿಕೊಳ್ಳಿ. ಬರಲು ಅವರು ಸಿದ್ಧರಿದ್ದಾರೆ.

ಈ ಬಗ್ಗೆ ಕೈಗೊಂಡ ಕ್ರಮವನ್ನು 60 ದಿನಗಳೊಳಗೆ ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
(ಸಹಿಗಳನ್ನು ಲಗತ್ತಿಸಿದೆ)
ಶಿರಸಿ, ಉತ್ತರ ಕನ್ನಡ ಜಿಲ್ಲೆ