ಕಾಫಿ ಕಣಕ್ಕೊಂದು ಸೂರು ಬೇಡವೇ?

ನಮ್ಮ ಚಿಕ್ಕಮಗಳೂರಿನಲ್ಲಿ ಮಳೆಯನ್ನು ಎರಡು ಬಗೆಯ ಜನ ಎರಡು ಬಗೆಯಲ್ಲಿ ಅಳೆಯುತ್ತಾರೆ. ಪೇಟೆಯವರಿಗೆ ಮಳೆ ಅಂದರೆ ಕೊಡೆ, ತಡವಾದ ಬಸ್ಸು, ಅಂಗಡಿ ಮುಂದಿನ ಕೆಸರು. ತೋಟದವರಿಗೆ ಮಳೆ ಅಂದರೆ ಇಂಚು ಮತ್ತು ಸೆಂಟು. "ನಿಮ್ಮಲ್ಲಿ ಎಷ್ಟಾಯ್ತು?" "ಒಂದಿಂಚು ಇಪ್ಪತ್ತು ಸೆಂಟು ಕಣ್ರೀ." ಮೂಡಿಗೆರೆ ಬಸ್ಸಿನಲ್ಲಿ ಇಬ್ಬರು ತೋಟದವರು ಪಕ್ಕಪಕ್ಕ ಕೂತರೆ ಯೋಗಕ್ಷೇಮಕ್ಕಿಂತ ಮೊದಲು ಬರುವುದು ಈ ಮಾತೇ. ಕೇಳಿಸಿಕೊಂಡ ಪೇಟೆಯವರು ಒಳಗೊಳಗೇ ನಗುತ್ತಾರೆ. ನಗಬಾರದು. ಆ ಇಪ್ಪತ್ತು ಸೆಂಟಿನ ಮೇಲೆಯೇ ಅವರ ಅಂಗಡಿಯ ಉದ್ರಿ ಪುಸ್ತಕ ನಿಂತಿದೆ.

ಕಾಫಿ ಗಿಡದಷ್ಟು ಹಟಮಾರಿ ಬೆಳೆ ಇನ್ನೊಂದಿಲ್ಲ. ಅದಕ್ಕೆ ಮಳೆ ಬೇಕು, ಆದರೆ ಹೇಳಿದ ದಿನ ಬೇಕು. ರೊಬಸ್ಟಾಕ್ಕೆ ಫೆಬ್ರವರಿ-ಮಾರ್ಚಿನಲ್ಲಿ, ಅರೇಬಿಕಾಕ್ಕೆ ಮಾರ್ಚ್-ಏಪ್ರಿಲ್‌ನಲ್ಲಿ ಒಂದಿಂಚಿನಷ್ಟು ಹೂಮಳೆ ಬೀಳಬೇಕು. ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ. ಮಳೆ ಅರೆಬರೆ ಬಿದ್ದರೆ ಮೊಗ್ಗು ಪೂರ್ತಿ ಅರಳದೆ ಕರಕಲಾಗುತ್ತದೆ. ಸರಿ, ಹೂ ಬಂತು ಅನ್ನಿ. ಅರಳಿದ ದಿನವೇ ಬೆಳಿಗ್ಗೆ ಮಳೆ ಹೊಡೆದರೆ ಪರಾಗ ತೊಳೆದುಹೋಗಿ ಕಾಯಿ ಕಟ್ಟುವುದಿಲ್ಲ. ರೊಬಸ್ಟಾದ್ದು ಇನ್ನೂ ಕಷ್ಟ. ಅದಕ್ಕೆ ತನ್ನದೇ ಗಿಡದ ಪರಾಗ ಆಗದು, ಗಾಳಿಯೋ ಜೇನೋ ಪಕ್ಕದ ಗಿಡದಿಂದ ತರಬೇಕು. ಅಂಥ ದಿನ ಮೋಡ ಮುಚ್ಚಿ ಜಡಿ ಹಿಡಿದರೆ ಜೇನು ಗೂಡು ಬಿಟ್ಟು ಹೊರಡುವುದಿಲ್ಲ. ಅದಾದ ಮೇಲೆ ಎರಡು-ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ತೋಟದವರು ಬ್ಯಾಕಿಂಗ್ ಅನ್ನುತ್ತಾರಲ್ಲ, ಅದು. ಬಾರದಿದ್ದರೆ ಕಟ್ಟಿದ ಮಿಡಿಯೂ ಒಣಗುತ್ತದೆ. ಹೊಳೆ-ಕೆರೆ ಪಕ್ಕದಲ್ಲಿರುವವರು, ಡೀಸೆಲ್‌ಗೆ ಕಾಸಿರುವವರು ಸ್ಪ್ರಿಂಕ್ಲರ್ ಹಾಕಿ ಬಚಾವಾಗುತ್ತಾರೆ. ಉಳಿದವರು ಆಕಾಶ ನೋಡುತ್ತಾರೆ.

ಆಮೇಲೆ ಮುಂಗಾರು. ಬಾರದಿದ್ದರೂ ಕಷ್ಟ, ಬಂದು ಬಿಡದಿದ್ದರೂ ಕಷ್ಟ. ದಿನಗಟ್ಟಲೆ ಎಲೆ ಆರದೆ ನೆನೆದರೆ ಕೊಳೆರೋಗ, ಬುಡದಲ್ಲಿ ನೀರು ನಿಂತರೆ ಕಾಯಿ ಉದುರು. 2018 ಮತ್ತು 2019ರ ಆಗಸ್ಟ್ ತಿಂಗಳನ್ನು ಮಲೆನಾಡಿನವರಾಗಲಿ ಕೊಡಗಿನವರಾಗಲಿ ಮರೆತಿಲ್ಲ. ಆಗ ಕೆಲವು ಕಡೆ ಕಾಯಿಯಲ್ಲ, ಗುಡ್ಡವೇ ಜಾರಿತು.

ಇಷ್ಟೆಲ್ಲ ದಾಟಿ ಕಾಯಿ ಹಣ್ಣಾಯಿತು ಅನ್ನಿ. ಹೂವಿನಿಂದ ಹಣ್ಣಿಗೆ ಅರೇಬಿಕಾಕ್ಕೆ ಎಂಟು-ಒಂಬತ್ತು ತಿಂಗಳು, ರೊಬಸ್ಟಾಕ್ಕೆ ಹತ್ತು-ಹನ್ನೊಂದು ತಿಂಗಳು. ಕೈಗೆ ಬಂದ ತುತ್ತು ಬಾಯಿಗೆ ಬರುವ ಹೊತ್ತಿನಲ್ಲಿ ಈಗೀಗ ಹೊಸ ಶನಿ ಗಂಟುಬಿದ್ದಿದೆ, ಕುಯ್ಲಿನ ಕಾಲದ ಮಳೆ. 2021ರ ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ನಡೆಯಬೇಕಾದ ಹೊತ್ತಿಗೆ ಮಳೆ ಹಿಡಿಯಿತು. 2024ರ ಜನವರಿಯಲ್ಲಿ, ಕಣದ ತುಂಬ ಕಾಫಿ ಹರಡಿದ್ದಾಗ, ಮತ್ತೆ ಬಂತು. ಈ ಅಂಕಣದ ಮಾತು ಈ ಮಳೆಯ ಬಗ್ಗೆ.

ಮಾಗಿದ ಹಣ್ಣು ಮಳೆ ನೀರು ಕುಡಿದು ಸಿಪ್ಪೆ ಬಿರಿಯುತ್ತದೆ, ಗಿಡದಿಂದ ಕಳಚಿ ನೆಲಕ್ಕೆ ಬೀಳುತ್ತದೆ. ಬಿದ್ದದ್ದನ್ನು ಕಸದೊಳಗಿಂದ ಆರಿಸಲು ಕುಯ್ಯುವುದಕ್ಕಿಂತ ಹೆಚ್ಚು ಕೂಲಿ. ಆರಿಸದೆ ಬಿಟ್ಟರೆ ಅದರಲ್ಲೇ ಕಾಯಿ ಕೊರೆಯುವ ಹುಳು ಮನೆ ಮಾಡಿ ಮುಂದಿನ ಫಸಲಿಗೆ ಕಾದು ಕೂರುತ್ತದೆ. ಇತ್ತ ಕುಯ್ದು ತಂದದ್ದು ಕಣದಲ್ಲಿ. ಹಣ್ಣನ್ನು ಹಾಗೆಯೇ ಒಣಗಿಸಿ ಚೆರಿ ಮಾಡಲು ಒಳ್ಳೆಯ ಬಿಸಿಲಿನಲ್ಲೇ ಎರಡು ವಾರದ ಹತ್ತಿರ ಬೇಕು. ಪಲ್ಪರ್‌ಗೆ ಹಾಕಿ ತೊಳೆದ ಪಾರ್ಚ್‌ಮೆಂಟಿಗೂ ವಾರ-ಹತ್ತು ದಿನ ಬೇಕು. ಅರ್ಧ ಒಣಗಿದ್ದು ಮತ್ತೆ ನೆನೆದರೆ ಬೂಷ್ಟು, ವಾಸನೆ, ಕಪ್ಪು ಬೀಜ. ಟಾರ್ಪಾಲು ಮುಚ್ಚಿದರೆ ಆಗದೇ ಅಂತ ಕೇಳಬಹುದು. ಒಂದು ರಾತ್ರಿಗೆ ಆಗುತ್ತದೆ. ಮೂರು ದಿನ ಮುಚ್ಚಿಟ್ಟರೆ ಒಳಗೇ ಬೆವೆತು ಬಿಸಿಯಾಗಿ ಹುಳಿ ಬರುತ್ತದೆ. ಅದೇ ಮಳೆಗೆ ರೊಬಸ್ಟಾ ಗಿಡದಲ್ಲಿ ಅಕಾಲದ ಹೂ ಬೇರೆ ಅರಳುತ್ತದೆ. ಒಂದೇ ರೆಕ್ಕೆಯಲ್ಲಿ ಹಣ್ಣೂ ಹೂವೂ. ಹಣ್ಣು ಕುಯ್ಯಲು ಕೈ ಹಾಕಿದರೆ ಹೂವು ಉದುರುತ್ತದೆ. ಅಂದರೆ ಒಂದು ಮಳೆಗೆ ಎರಡು ವರ್ಷದ ಬೆಳೆಗೆ ಪೆಟ್ಟು.

ಈಗ ಅಂಗಡಿಯವರು ಕೇಳಲಿ. ಇಂಥ ದಿನಗಳಲ್ಲಿ ಎರಡು ಎಕರೆ, ಮೂರು ಎಕರೆಯ ಬೆಳೆಗಾರ ಏನು ಮಾಡುತ್ತಾನೆ? ಡ್ರೈಯರ್ ಇಲ್ಲ, ಗೋಡೌನ್ ಇಲ್ಲ. ಇರುವುದು ಮನೆ ಮುಂದಿನ ಅಂಗಳ, ಒಂದು ಹರಕು ಟಾರ್ಪಾಲು. ಹಸಿ ಹಣ್ಣನ್ನೇ ಜೀಪಿಗೆ ತುಂಬಿಸಿ ಬಂದ ಬೆಲೆಗೆ ಕೊಟ್ಟುಬಿಡುತ್ತಾನೆ. ಇಲ್ಲವೇ ಅರೆ ಒಣಗಿದ ಚೆರಿಯನ್ನು ಮೂಟೆ ಕಟ್ಟುತ್ತಾನೆ. ಕೊಳ್ಳುವವರು ಕೈಯಲ್ಲಿ ಹಿಡಿದು, ಹಲ್ಲಲ್ಲಿ ಕಚ್ಚಿ, "ತೇವ ಜಾಸ್ತಿ ಸ್ವಾಮಿ, ಔಟ್‌ಟರ್ನ್ ಬರಲ್ಲ" ಎಂದು 50 ಕೆ.ಜಿ. ಮೂಟೆಗೆ ಇಷ್ಟು ಕಡಿತ ಎನ್ನುತ್ತಾರೆ. ಮಾತಾಡುವ ಹಾಗಿಲ್ಲ, ಏಕೆಂದರೆ ನಾಳೆಗೆ ಅದು ಇನ್ನೂ ಕೆಡುತ್ತದೆ. ಕೂಲಿಯವರ ಪಾಡೂ ಅಷ್ಟೇ. ಬಯಲುಸೀಮೆಯಿಂದ, ಅಸ್ಸಾಂ ಕಡೆಯಿಂದ ಕುಯ್ಲಿಗೆಂದೇ ಬಂದವರು ಲೈನ್ ಮನೆಯಲ್ಲಿ ಕೂತು ಮಳೆ ನೋಡಿದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಭಾನುವಾರ ಸಂತೆಗೆ ಬರುವುದು ಖಾಲಿ ಚೀಲವೇ. ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗೂ ಆಲ್ದೂರಿನ ದಿನಸಿ ಅಂಗಡಿಗೂ ಸಂಕ್ರಾಂತಿ ವ್ಯಾಪಾರ ಯಾಕೆ ಬಿತ್ತು ಅಂತ ಹುಡುಕುತ್ತಾ ಬೇರೆಲ್ಲೂ ಹೋಗಬೇಕಾಗಿಲ್ಲ. ಕಣಕ್ಕೆ ಹೋಗಿ ನೋಡಿದರೆ ಸಾಕು.

"ಪ್ಲಾಂಟರ್‌ಗಳಿಗೆ ಏನ್ರೀ ಕಷ್ಟ? ಕಾರಿನಲ್ಲಿ ಓಡಾಡ್ತಾರೆ, ರೇಟು ಆಕಾಶಕ್ಕೆ ಹೋಗಿದೆ" ಎಂಬ ಮಾತು ಪೇಟೆಯಲ್ಲಿ ಉಂಟು. ಎರಡು ಉತ್ತರ ಹೇಳಬೇಕು. ಮೊದಲನೆಯದು, ಕಾರಿನಲ್ಲಿ ಓಡಾಡುವವರು ಬೆರಳೆಣಿಕೆಯವರು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರ್ ಒಳಗಿನವು. ಅವರಲ್ಲೂ ಬಹುಪಾಲು ಮನೆಮಂದಿಯೇ ದುಡಿಯುವ ತುಂಡು ತೋಟದವರು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ನಮ್ಮ ರಾಜ್ಯದ್ದು ಎಂದು ಭಾಷಣದಲ್ಲಿ ಹೆಮ್ಮೆಪಡುವಾಗ ಈ ತುಂಡು ತೋಟಗಳನ್ನೂ ಸೇರಿಸಿಯೇ ಎಣಿಸುತ್ತೇವಲ್ಲವೇ?

ಎರಡನೆಯದು ರೇಟಿನ ವಿಷಯ. ಕಾಫಿ ರೇಟು ನಮ್ಮ ಊರಿನಲ್ಲಿ ಹುಟ್ಟುವುದಿಲ್ಲ. 1975ರ ಜುಲೈನಲ್ಲಿ ಬ್ರೆಜಿಲ್ಲಿನ ಪರಾನಾದಲ್ಲಿ ಹಿಮ ಬಿದ್ದು ಗಿಡ ಸುಟ್ಟಾಗ ಲೋಕದಲ್ಲೆಲ್ಲ ರೇಟು ಏರಿತು. 2024ರಲ್ಲಿ ವಿಯೆಟ್ನಾಮಿನಲ್ಲಿ ಬರ ಬಿದ್ದು ರೊಬಸ್ಟಾ ಹಿಂದೆಂದೂ ಕಾಣದ ಬೆಲೆ ಕಂಡಿತು. ಹಿಂದೆ ಕಾಫಿ ಮಂಡಳಿಯ ಪೂಲ್ ಇದ್ದಾಗ ಹಣ ಕಂತಿನಲ್ಲಿ ಬಂದರೂ ಮಾರುವ ತಲೆನೋವು ಬೆಳೆಗಾರನದಾಗಿರಲಿಲ್ಲ. 1996ರಲ್ಲಿ ಅದು ಪೂರ್ತಿ ಹೋಯಿತು. ಈಗ ಲಾಭವೂ ಅವನದೇ, ನಷ್ಟವೂ ಅವನದೇ. ಇರಲಿ. ಆದರೆ ಪರದೇಶದ ಬರದಿಂದ ಬಂದ ಒಳ್ಳೆಯ ರೇಟನ್ನು ಒಣಗಿದ, ಶುದ್ಧವಾದ ಕಾಫಿ ಕೈಯಲ್ಲಿದ್ದವನು ಮಾತ್ರ ಪಡೆಯುತ್ತಾನೆ. ಅಂಗಳದಲ್ಲಿ ಬೂಷ್ಟು ಹಿಡಿದ ಚೆರಿ ಇಟ್ಟುಕೊಂಡವನಿಗೆ ಪೇಪರಿನಲ್ಲಿ ಬಂದ ರೇಟು ಪೇಪರಿನಲ್ಲೇ ಉಳಿಯುತ್ತದೆ. ದೊಡ್ಡ ತೋಟಕ್ಕೂ ಸಣ್ಣ ತೋಟಕ್ಕೂ ಬೀಳುವ ಮಳೆ ಒಂದೇ. ವ್ಯತ್ಯಾಸವಿರುವುದು ಸೂರಿನಲ್ಲಿ.

ಸರ್ಕಾರದ ಪರಿಹಾರವಿದೆಯಲ್ಲ ಎನ್ನುತ್ತೀರಾ? ಇದೆ. ನೂರಕ್ಕೆ 33 ಭಾಗ ಬೆಳೆ ಹೋಗಿರಬೇಕು, ಕೊಡುವುದು 2 ಹೆಕ್ಟೇರ್‌ಗೆ ಮಾತ್ರ. ಸರ್ವೆಯವರು ಬಂದು ನೋಡುವುದು ಗಿಡವನ್ನು. ಕುಯ್ದು ತಂದು ಅಂಗಳದಲ್ಲಿ ಕೊಳೆತದ್ದನ್ನು ಯಾವ ಗಿಡದ ಲೆಕ್ಕಕ್ಕೆ ಬರೆಯುತ್ತಾರೆ? ಅಷ್ಟರಲ್ಲಿ ಬಿಸಿಲು ಬಂದು ಬೆಳೆಗಾರ ಇದ್ದದ್ದನ್ನು ಮಾರಿಯೂ ಆಗಿರುತ್ತದೆ. ಕೆಟ್ಟ ಮೇಲೆ ಕೊಡುವ ನಾಲ್ಕು ಕಾಸಿಗಿಂತ ಕೆಡದ ಹಾಗೆ ನೋಡಿಕೊಳ್ಳುವುದು ಅಗ್ಗ. ಇದನ್ನು ಹೇಳಲು ದೊಡ್ಡ ಪಂಡಿತರು ಬೇಕಾಗಿಲ್ಲ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದು, ಕಾಫಿ ಬೆಳೆಯುವ ಪ್ರತಿ ಹೋಬಳಿಯಲ್ಲೂ ಒಂದು ಸಾರ್ವಜನಿಕ ಒಣಗಿಸುವ ಮನೆ. ಮೇಲೆ ಸೂರಿರುವ ಕಣ, ಪಕ್ಕದಲ್ಲಿ ಒಂದು ಯಂತ್ರದ ಡ್ರೈಯರ್. ಅದಕ್ಕೆ ಕಾಫಿ ಹೊಟ್ಟನ್ನೇ ಉರುವಲು ಮಾಡಬಹುದು. ಮೂಟೆಗೆ ಇಷ್ಟು ಎಂದು ಬಾಡಿಗೆ ಇಡಲಿ, ಯಾರೂ ಬಿಟ್ಟಿ ಕೇಳುತ್ತಿಲ್ಲ. ಸಹಕಾರ ಸಂಘಗಳು ನಡೆಸಲಿ. ಕಣ-ಗೋಡೌನಿಗೆ ಕಾಫಿ ಮಂಡಳಿಯ ಸಹಾಯಧನ ಯೋಜನೆಗಳು ಬಂದದ್ದುಂಟು. ಆದರೆ ಎರಡು ಎಕರೆಯವ ಒಬ್ಬನೇ ಡ್ರೈಯರ್ ಕೊಂಡರೆ ವರ್ಷಕ್ಕೆ ಹತ್ತು ದಿನ ಉರಿಸಿ ಉಳಿದ ದಿನ ತುಕ್ಕು ಹಿಡಿಸಬೇಕಾಗುತ್ತದೆ. ಐವತ್ತು ಜನಕ್ಕೆ ಒಂದಿದ್ದರೆ ಅದು ದುಡಿಯುತ್ತದೆ.

ಎರಡನೆಯದು, ಕಾಫಿ ಕೊಳ್ಳುವ ಕಡೆಯಲ್ಲೆಲ್ಲ ತೇವ ಅಳೆಯುವ ಯಂತ್ರ ಮಾರುವವನ ಕಣ್ಣೆದುರು ಇರಬೇಕು. ಹಲ್ಲಿನಲ್ಲಿ ಕಚ್ಚಿ ನೋಡುವ ತೂಕಕ್ಕೆ ಬಂಗಾರದ ಅಂಗಡಿಯವರು ಒಪ್ಪುತ್ತಾರೆಯೇ? ಪ್ರಾಮಾಣಿಕ ವರ್ತಕರಿಗೂ ಇದರಿಂದ ಹೆಸರು ಬರುತ್ತದೆಯೇ ಹೊರತು ನಷ್ಟವಿಲ್ಲ.

ಮೂರನೆಯದು ಖರ್ಚೇ ಇಲ್ಲದ್ದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಮುನ್ಸೂಚನೆಯೂ ಬರುತ್ತದೆ. ಬೆಳಿಗ್ಗೆ ಮೊದಲ ಬಸ್ಸು ಹೊರಡುವ ಮೊದಲು ಪ್ರತಿ ಬಸ್ ನಿಲ್ದಾಣದ ಕಪ್ಪು ಹಲಗೆಯ ಮೇಲೆ ಆ ಹೋಬಳಿಯ ಮೂರು ದಿನದ ಮಳೆ ಸೂಚನೆಯನ್ನು ಕನ್ನಡದಲ್ಲಿ ಬರೆಯಲು ಒಂದು ಸೀಮೆಸುಣ್ಣ ಸಾಕು. ನಾಳೆ ಮಳೆ ಅಂತ ಇವತ್ತು ತಿಳಿದರೆ ಕುಯ್ಲು ಒಂದು ದಿನ ನಿಲ್ಲಿಸಬಹುದು, ಹರಡಿದ್ದನ್ನು ಬಾಚಬಹುದು. ಮೊಬೈಲಿನಲ್ಲಿ ಬರುತ್ತದಲ್ಲ ಎನ್ನುವವರು ಮಳೆಗಾಲದಲ್ಲಿ ಕಾಡಂಚಿನ ಊರಿಗೆ ಹೋಗಿ ಸಿಗ್ನಲ್ ಹುಡುಕಿ ಬರಲಿ.

ಬೆಳೆಗಾರರಿಗೂ ಒಂದು ಮಾತು. ಮಳೆಗೆ ಹೆದರಿ ಹಸಿರು ಕಾಯಿಯನ್ನೂ ಸೇರಿಸಿ ಬರಗಿ ಹಾಕಿದರೆ ಬೆಲೆ ನಾವೇ ಇಳಿಸಿಕೊಂಡ ಹಾಗೆ. ಪಕ್ಕದ ತೋಟದವನೊಂದಿಗೆ ಬೇಲಿಗೆ ಜಗಳವಾಡುವ ಉತ್ಸಾಹದಲ್ಲಿ ಅರ್ಧದಷ್ಟನ್ನು ಸಂಘ ಕಟ್ಟಲು ತೋರಿಸಿದ್ದರೆ ಹೋಬಳಿಗೊಂದು ಡ್ರೈಯರ್ ಈ ಹೊತ್ತಿಗೆ ನಿಂತಿರುತ್ತಿತ್ತು.

ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಯಿತು. ಗಿಡದ ಬಗ್ಗೆ, ರೋಗದ ಬಗ್ಗೆ, ಹುಳದ ಬಗ್ಗೆ ನೂರು ವರ್ಷದ ತಿಳಿವಳಿಕೆ ನಮ್ಮ ಜಿಲ್ಲೆಯಲ್ಲೇ ಇದೆ. ಇಷ್ಟು ತಿಳಿದ ಜಿಲ್ಲೆಯಲ್ಲಿ ಕುಯ್ದ ಬೆಳೆಗೆ ನಾಲ್ಕು ದಿನದ ಸೂರಿಲ್ಲ ಎಂದರೆ ಅದು ಮಳೆರಾಯನ ತಪ್ಪಲ್ಲ. ಮಳೆಯನ್ನು ತಡೆಯುವ ಕಾನೂನನ್ನು ಯಾವ ಸಭೆಯೂ ಪಾಸು ಮಾಡಲಾರದು. ತಗಡಿನ ಶೀಟು ಹೊದಿಸುವ ಠರಾವನ್ನು ಒಂದು ಪಂಚಾಯಿತಿಯೂ ಮಾಡಬಹುದು.

ಕುಯ್ಲು ಶುರುವಾದ ಮೇಲೆ ಮನವಿ ಕೊಟ್ಟು, ಫೋಟೋ ತೆಗೆಸಿಕೊಂಡು, ಕೊಳೆತ ಚೆರಿಯನ್ನು ಕಚೇರಿ ಮುಂದೆ ಸುರಿಯುವ ಪದ್ಧತಿ ಸಾಕು. ನವೆಂಬರ್‌ಗೆ ಮೊದಲೇ ಜಿಲ್ಲಾಡಳಿತ, ಕಾಫಿ ಮಂಡಳಿ, ಸಹಕಾರ ಸಂಘಗಳು, ವರ್ತಕರು ಒಂದೇ ಮೇಜಿನ ಸುತ್ತ ಕೂರಲಿ. ವರ್ತಕರ ಸಂಘವೇ ಮುಂದೆ ನಿಂತು ಕರೆದರೂ ತಪ್ಪಿಲ್ಲ, ಕಣದಲ್ಲಿ ನೆನೆಯುತ್ತಿರುವುದು ಅವರ ಉದ್ರಿ ಪುಸ್ತಕವೂ ಹೌದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?