ಡಾ. ಮುಮ್ತಾಝ್ ಅಹ್ಮದ್ ಖಾನ್ ಮತ್ತು ನಮ್ಮ ನೆಪಗಳು

2021ರ ಮೇ 27ರಂದು ಡಾ. ಮುಮ್ತಾಝ್ ಅಹ್ಮದ್ ಖಾನ್ ನಿಧನರಾದಾಗ ನಾವೆಲ್ಲರೂ ಅವರ ಮಗ್ಫಿರತ್‌ಗಾಗಿ ದುಆ ಮಾಡಿದೆವು. ಅವರನ್ನು ಸರ್ ಸೈಯದ್ ಅಹ್ಮದ್ ಖಾನರಿಗೆ ಹೋಲಿಸಿ ಕೊಂಡಾಡಿದೆವು. ಆದರೆ ಅವರು ಜೀವಮಾನವಿಡೀ ಹೋರಾಡಿದ ಅಜ್ಞಾನವನ್ನು ನಮ್ಮ ಮನೆಗಳಲ್ಲಿ ಹಾಗೆಯೇ ಉಳಿಸಿಕೊಂಡೆವು. ಇದು ಸ್ಮರಣೆಯೇ? ಅಲ್ಲ, ಆತ್ಮವಂಚನೆ.

1935ರಲ್ಲಿ ಜನಿಸಿದ ಅವರು ವೃತ್ತಿಯಿಂದ ಶಸ್ತ್ರವೈದ್ಯರು. ಹಣ, ಹೆಸರು ಎರಡೂ ಕೈಗೆಟಕುವ ವಯಸ್ಸಿನಲ್ಲಿ, 1966ರಲ್ಲಿ, ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಶಾಲೆ, ಕಾಲೇಜು, ಕಾನೂನು, ಔಷಧ ವಿಜ್ಞಾನ, ಕೊನೆಗೆ ವಿಜಯಪುರದ ವೈದ್ಯಕೀಯ ಕಾಲೇಜಿನವರೆಗೆ ಆ ಸಂಸ್ಥೆ ಬೆಳೆಯಿತು. ಸರಕಾರ ಕೊಡಲಿ ಎಂದು ಅವರು ಕಾದು ಕುಳಿತಿರಲಿಲ್ಲ.

ಅವರ ಬೆಂಗಳೂರಿಗೂ ನಮ್ಮ ರಾಮನಗರಕ್ಕೂ ಇರುವ ದೂರ ಸುಮಾರು 50 ಕಿಲೋಮೀಟರ್. ಆದರೂ ಇಲ್ಲಿ ನಾವು ಕೇಳುವ ನೆಪಗಳು ಹಳೆಯವೇ.

"ದೀನೀ ಶಿಕ್ಷಣವಿದ್ದರೆ ಸಾಕು" ಎನ್ನುತ್ತಾರೆ ಕೆಲವರು. ನಾವು ಮದ್ರಸದಲ್ಲಿ ಕಲಿತವರು, ಬಳಿಕ ಕನ್ನಡದಲ್ಲಿ ಬಿ.ಎ. ಮಾಡಿದವರು. ಒಂದು ವಿದ್ಯೆ ಇನ್ನೊಂದನ್ನು ಕೆಡಿಸಲಿಲ್ಲ. ದಿವ್ಯವಾಣಿಯ ಮೊದಲ ಪದವೇ 'ಇಕ್ರಅ್'. ಬದ್ರ್‌ನ ಕೈದಿಗಳಲ್ಲಿ ಅಕ್ಷರಸ್ಥರಾಗಿದ್ದವರಿಗೆ ಮದೀನಾದ ಮಕ್ಕಳಿಗೆ ಬರೆಯಲು ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ಪ್ರವಾದಿ(ಸ)ರು ನಿಗದಿಪಡಿಸಿದ್ದನ್ನು ಸೀರಾ ಗ್ರಂಥಗಳು ದಾಖಲಿಸಿವೆ. ಆ ಶಿಕ್ಷಕರು ಮುಸ್ಲಿಮರಾಗಿರಲಿಲ್ಲ, ಕಲಿಸಿದ್ದು ಅಕ್ಷರ. ಹಾಗಿರುವಾಗ 'ಲೌಕಿಕ' ಎಂಬ ಹಣೆಪಟ್ಟಿ ಹಚ್ಚಿ ವಿದ್ಯೆಯನ್ನು ಬಾಗಿಲಾಚೆ ನಿಲ್ಲಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

"ಮಗನಿಗೆ ಕಸುಬಿದೆ" ಎಂಬುದು ಎರಡನೆಯ ನೆಪ. ಕಸುಬನ್ನು ನಾವು ಹಳಿಯುವುದಿಲ್ಲ. ಹಾಲೆಮರವನ್ನು ತಿರುಗಿಸಿ ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಕೈಗಳು ಗೌರವಾರ್ಹ. ಆದರೆ ರೇಷ್ಮೆ ಗೂಡು ಬೇಯುವ ಬಿಸಿನೀರಿನಲ್ಲಿ ಎಷ್ಟು ಎಳೆಯ ಬೆರಳುಗಳು ಬೆಂದಿವೆ ಎಂಬುದನ್ನು ರಾಮನಗರ, ಮಾಗಡಿಯ ಹಿರಿಯರು ಬಲ್ಲರು. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಒತ್ತೆಯಾಗಿ ದುಡಿಯುವ ಮಕ್ಕಳ ಕುರಿತು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಪ್ರಕಟಿಸಿತ್ತು. ಸಾಲಪತ್ರವನ್ನು ಓದಲು ಬಾರದವನ ಕಸುಬು ಅವನದಾಗಿ ಉಳಿಯುವುದಿಲ್ಲ, ಸಾಲ ಕೊಟ್ಟವನದಾಗುತ್ತದೆ.

ಮೂರನೆಯದು ಅತ್ಯಂತ ಕ್ರೂರವಾದುದು: "ಹೆಣ್ಣುಮಗು, ಎಸ್ಸೆಸ್ಸೆಲ್ಸಿ ಸಾಕು." ವಿದ್ಯಾರ್ಜನೆಯ ಕಡ್ಡಾಯದಿಂದ ಹೆಣ್ಣಿಗೆ ವಿನಾಯಿತಿಯಿಲ್ಲ. ಉಮ್ಮುಲ್ ಮೂಮಿನೀನ್ ಆಯಿಶಾ(ರ)ರಿಂದ ಸಹಾಬಿಗಳು ಕಲಿತರು. ನಾವು ಮಾತ್ರ ನಮ್ಮ ಮಗಳ ಪುಸ್ತಕ ಮುಚ್ಚಿಸುತ್ತೇವೆ. ನಾಳೆ ಅವಳಿಗೆ ಕಷ್ಟ ಬಂದಾಗ ಯಾವ ಸಂಬಂಧಿ ಅನ್ನವಿಡುತ್ತಾನೆ?

ಕೊನೆಯ ನೆಪ ಬಡತನ. ಫೀಸಿಗೆ ಹಣವಿಲ್ಲ ಎಂದವರ ಮನೆಯ ಮದುವೆಗೆ ಶಾದಿ ಮಹಲ್ ಜಗಮಗಿಸುತ್ತದೆ. ಒಂದು ರಾತ್ರಿಯ ಬಿರಿಯಾನಿಯ ಖರ್ಚಿನಲ್ಲಿ ಎಷ್ಟು ಮಕ್ಕಳು ಒಂದು ವರ್ಷ ಓದಬಹುದು ಎಂದು ಲೆಕ್ಕ ಹಾಕಿದ್ದೇವೆಯೇ?

ಆದ್ದರಿಂದ ನಮ್ಮ ಕೋರಿಕೆ ಸರಳ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪ್ರತಿ ಮಸೀದಿಯ ಜಮಾಅತ್ ತನ್ನ ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಲಿ. ಜುಮಾ ನಮಾಝಿನ ಬಳಿಕ ಆ ಪಟ್ಟಿಯ ಬಗ್ಗೆ ಮಾತನಾಡಲಿ. ಒಂದು ಶಿಕ್ಷಣ ನಿಧಿ ತೆರೆಯಲಿ. ಸಂಜೆಯ ಮದ್ರಸದಲ್ಲಿ ಕುರ್‌ಆನಿನ ಪಾಠದ ಬಳಿಕ ಅರ್ಧ ಗಂಟೆ ಕನ್ನಡ ಮತ್ತು ಗಣಿತಕ್ಕೂ ಇರಲಿ. ಕಲಿಸಲು ನಾವೂ ಸಿದ್ಧರಿದ್ದೇವೆ.

ಮುಮ್ತಾಝ್ ಅಹ್ಮದ್ ಖಾನರು ಬಿಟ್ಟುಹೋದ ವಿದ್ಯೆ ಅವರಿಗೆ ಸದಕಾ ಜಾರಿಯಾ ಆಗಲಿ. ನಾವು ಏನನ್ನು ಬಿಟ್ಟುಹೋಗುತ್ತೇವೆ? ಈ ಪ್ರಶ್ನೆಯನ್ನು ಅಲ್ಲಾಹನು ಕೇಳುವ ಮೊದಲು ನಾವೇ ಕೇಳಿಕೊಳ್ಳೋಣ.