ಕೇಳುವ ಕಿವಿಯಿಲ್ಲದ ತಪ್ಪೊಪ್ಪಿಗೆ

ಮೇರಿ ಹ್ಯಾರನ್ ಎಂಬ ನಿರ್ದೇಶಕಿ ತೆಗೆದ ‘ಅಮೆರಿಕನ್ ಸೈಕೋ’ ಚಲಚ್ಚಿತ್ರ ತೆರೆಕಂಡದ್ದು 2000ದಲ್ಲಿ. ಅದರ ಮೂಲವಾದ ಬ್ರೆಟ್ ಈಸ್ಟನ್ ಎಲ್ಲಿಸ್‌ನ ಕಾದಂಬರಿಯನ್ನು ಇಟಲಿಯ ಲೂಕಾ ಗ್ವಾದಾನ್ಯಿನೊ ಮತ್ತೊಮ್ಮೆ ತೆರೆಗೆ ತರಲಿದ್ದಾರೆಂಬ ಸುದ್ದಿ 2024ರಲ್ಲಿ ಪ್ರಕಟವಾಯಿತು. ಆದರೆ ಅದಕ್ಕಿಂತ ವಿಚಾರಾರ್ಹವಾದುದು ಬೇರೊಂದಿದೆ. ಅಂತರಜಾಲದಲ್ಲಿ ಅನೇಕ ತರುಣರು ಹಳೆಯ ಚಿತ್ರದ ತುಣುಕುಗಳನ್ನು ಹಂಚಿಕೊಳ್ಳುತ್ತ, ಅದರ ನಾಯಕನ ಉಡುಪು, ಅಂಗಸಾಧನೆ, ನಿರ್ಭಾವುಕ ಮುಖ ಇವನ್ನು ಪೌರುಷದ ಆದರ್ಶವೆಂಬಂತೆ ಎತ್ತಿ ಹಿಡಿಯುತ್ತಿದ್ದಾರೆ. ಕೆಲವರದು ಬರಿಯ ವಿನೋದ, ಕೆಲವರದು ಹಾಗಲ್ಲ. ನಾಯಕನೋ, ಸಾಲುಸಾಲಾಗಿ ಕೊಲೆಮಾಡುವವನು. ವಿಡಂಬನೆಯೊಂದು ಸ್ತೋತ್ರವಾಗಿ ಪರಿಣಮಿಸುವುದು ಹೇಗೆ?

ಕಥೆ ನಡೆಯುವುದು 1987ರ ನ್ಯೂಯಾರ್ಕಿನಲ್ಲಿ, ವಾಲ್ ಸ್ಟ್ರೀಟಿನ ಹಣಕಾಸಿನ ಪ್ರಪಂಚದಲ್ಲಿ. ಪ್ಯಾಟ್ರಿಕ್ ಬೇಟ್‌ಮನ್ ಇಪ್ಪತ್ತೇಳರ ತರುಣ; ದೊಡ್ಡ ಸಂಸ್ಥೆಯೊಂದರ ಉಪಾಧ್ಯಕ್ಷ. ಅವನ ಜೊತೆಗಾರರೂ ಉಪಾಧ್ಯಕ್ಷರೇ! ಇವರು ಕಚೇರಿಯಲ್ಲಿ ಮಾಡುವ ಕೆಲಸವೇನೆಂಬುದನ್ನು ನಾವು ಕೊನೆಯವರೆಗೂ ಕಾಣೆವು. ಯಾವ ಭೋಜನಗೃಹದಲ್ಲಿ ಮೇಜು ದೊರಕಿತು, ಯಾರಿಗೆ ದೊರಕಲಿಲ್ಲ ಎಂಬುದೇ ಅವರ ಹಗಲಿರುಳಿನ ಚಿಂತೆ. ಚಿತ್ರದ ಅತ್ಯಂತ ಪ್ರಖ್ಯಾತ ದೃಶ್ಯದಲ್ಲಿ ಈ ಮಹನೀಯರು ತಮ್ಮ ವಿಸಿಟಿಂಗ್ ಕಾರ್ಡುಗಳನ್ನು ಒಬ್ಬರ ಮುಂದೊಬ್ಬರು ಇಡುತ್ತಾರೆ. ಎಲ್ಲವೂ ಬಿಳಿ, ಎಲ್ಲದರಲ್ಲೂ ಅದೇ ಹುದ್ದೆ, ಅದೇ ಟೆಲಿಫೋನ್ ಸಂಖ್ಯೆ. ಆದರೂ ಪಾಲ್ ಆಲನ್ ಎಂಬವನ ಕಾರ್ಡಿನ ಕಾಗದದ ದಪ್ಪವನ್ನೂ ನವುರಾದ ಬಣ್ಣವನ್ನೂ ಕಂಡು ಬೇಟ್‌ಮನ್ ಬೆವರುತ್ತಾನೆ. ಅವನ ಕೈ ನಡುಗುತ್ತದೆ. ಆ ಬೆನ್ನಿಗೇ ಅವನು ಬೀದಿಯಲ್ಲಿ ಮಲಗಿದ್ದ ನಿರ್ಗತಿಕನೊಬ್ಬನಿಗೆ, ಕೆಲಸವೊಂದನ್ನು ಹಿಡಿಯಬಾರದೇ ಎಂದು ಉಪದೇಶ ಮಾಡಿ, ಅವನನ್ನು ಇರಿದು ಕೊಲ್ಲುತ್ತಾನೆ. ಹಾಸ್ಯವೂ ಬೀಭತ್ಸವೂ ಒಂದೇ ಪಾತ್ರೆಯಲ್ಲಿ ಕುದಿಯುವುದೆಂದರೆ ಇದು. ಮೊದಲ ದೃಶ್ಯಕ್ಕೆ ನಕ್ಕ ಬಾಯಿಯನ್ನು ಎರಡನೆಯದು ಮುಚ್ಚಿಸುತ್ತದೆ.

ಧನಕ್ಕೂ ಕೊಲೆಗೂ ನಂಟು ಕಟ್ಟಿದ ಕರಾಳ ವಿನೋದ ಸಿನಿಮಾಕ್ಕೆ ಹೊಸದಲ್ಲ. 1947ರ ‘ಮಾನ್ಸಿಯರ್ ವರ್ಡೂ’ ಚಿತ್ರದಲ್ಲಿ ಚಾಪ್ಲಿನ್ ಇಂಥದೇ ಕೊಲೆಗಾರನನ್ನು ಚಿತ್ರಿಸಿದ್ದರು. ಆದರೆ ವರ್ಡೂ ಕೆಲಸ ಕಳೆದುಕೊಂಡ ಬ್ಯಾಂಕ್ ನೌಕರ. ಸಂಸಾರವನ್ನು ಸಾಕಲು ಹಣವುಳ್ಳ ಹೆಂಗಸರನ್ನು ವರಿಸಿ ಕೊಲ್ಲುವವನು. ಅವನಿಗೆ ಕಾರಣವಿತ್ತು. ಬೇಟ್‌ಮನ್‌ಗೆ ಯಾವ ಕೊರತೆಯೂ ಇಲ್ಲ, ಆದುದರಿಂದ ಕಾರಣವೂ ಇಲ್ಲ.

ಮೂಲ ಕಾದಂಬರಿಯನ್ನು ಮೊದಲು ಒಪ್ಪಿಕೊಂಡಿದ್ದ ಪ್ರಕಾಶಕರು 1990ರಲ್ಲಿ ಕೈಬಿಟ್ಟರು. 1991ರಲ್ಲಿ ಬೇರೊಬ್ಬರು ಅಚ್ಚು ಹಾಕಿದರು. ಸ್ತ್ರೀಹಿಂಸೆಯ ವರ್ಣನೆಗಾಗಿ ಅದು ಉಗ್ರ ಖಂಡನೆಗೆ ಗುರಿಯಾಯಿತು. ಅದನ್ನು ಚಿತ್ರಕಥೆಯಾಗಿಸಿದವರು ಇಬ್ಬರು ಮಹಿಳೆಯರು: ಹ್ಯಾರನ್ ಮತ್ತು ಗ್ವಿನೆವಿಯರ್ ಟರ್ನರ್. ಪುಸ್ತಕದಲ್ಲಿದ್ದ ರಕ್ತವನ್ನು ಬಹುಮಟ್ಟಿಗೆ ತೆರೆಯ ಆಚೆಗಿಟ್ಟು, ಕನ್ನಡಿಯಲ್ಲಿ ತನ್ನನ್ನೇ ನೋಡಿ ಹಿಗ್ಗುವ ಗಂಡಸನ್ನು ಅವರು ಮುಂದಿಟ್ಟರು.

ಚಿತ್ರದ ನಿಜವಾದ ಭಯಾನಕತೆ ಕೊಡಲಿಯಲ್ಲಿಲ್ಲ, ಕಿವಿಯಲ್ಲಿದೆ. ಬೇಟ್‌ಮನ್ ತನ್ನ ಅಪರಾಧವನ್ನು ಮರೆಮಾಚುವವನಲ್ಲ, ಕಂಡಕಂಡವರಿಗೆ ಹೇಳುತ್ತಾನೆ. ನೃತ್ಯಶಾಲೆಯಲ್ಲಿ ಒಬ್ಬಳು ಉದ್ಯೋಗವೇನೆಂದು ಕೇಳಿದಾಗ, ಕೊಲೆ, ಮರಣದಂಡನೆ ಎನ್ನುತ್ತಾನೆ. ಇಂಗ್ಲಿಷಿನ ಆ ಮಾತುಗಳು ಅವಳಿಗೆ ಕಂಪನಿಗಳ ವಿಲೀನ, ಖರೀದಿ ಎಂದು ಕೇಳಿಸುತ್ತವೆ. ಆ ಕೆಲಸದಲ್ಲಿರುವ ಬಹುಮಂದಿಗೆ ಅದು ಹಿಡಿಸದು ಎಂದು ಅವಳು ಸಹಾನುಭೂತಿ ತೋರುತ್ತಾಳೆ. ಕೊನೆಗೆ ಅವನು ವಕೀಲನಿಗೆ ಟೆಲಿಫೋನಿನಲ್ಲಿ ಅಳುತ್ತ ಎಲ್ಲವನ್ನೂ ಒಪ್ಪಿಕೊಂಡರೆ, ಮರುದಿನ ಆ ವಕೀಲ ಇವನನ್ನು ಬೇರೆ ಯಾರೋ ಎಂದು ತಿಳಿದು, ಒಳ್ಳೆಯ ತಮಾಷೆ ಮಾಡಿದೆಯೆಂದು ನಗುತ್ತಾನೆ. ಅಂಥ ಹೇಡಿ ಬೇಟ್‌ಮನ್‌ನಿಂದ ಕೊಲೆ ಆದೀತೇ? ಕೊಲೆಯಾದನೆಂಬ ಪಾಲ್ ಆಲನ್‌ನೊಡನೆ ತಾನೇ ಲಂಡನ್ನಿನಲ್ಲಿ ಊಟಮಾಡಿದ್ದೇನೆಂದೂ ಹೇಳುತ್ತಾನೆ. ಹೆಣಗಳಿದ್ದ ಮನೆಗೆ ಹೋದರೆ ಗೋಡೆಗೆ ಹೊಸ ಸುಣ್ಣ. ಮನೆ ಮಾರುವಾಕೆ ಇವನನ್ನು ಹೊರಗೆ ಹೋಗು, ಮತ್ತೆ ಬರಬೇಡ ಎನ್ನುತ್ತಾಳೆ. ಕೊಲೆಗಳು ನಿಜವೋ ಭ್ರಮೆಯೋ ಎಂಬ ಚರ್ಚೆ ಇಲ್ಲಿಂದ ಹುಟ್ಟಿತು. ಎಲ್ಲವೂ ಕನಸೆಂಬ ಅರ್ಥ ತಮ್ಮ ಉದ್ದೇಶವಾಗಿರಲಿಲ್ಲವೆಂದು ಹ್ಯಾರನ್ ಹೇಳಿದ್ದಾರೆ. ನನಗೂ ಆ ಚರ್ಚೆ ನಿರರ್ಥಕವೆಂದೇ ತೋರುತ್ತದೆ. ನಡೆದರೂ ನಡೆಯದಿದ್ದರೂ ಕೇಳುವವರಿಲ್ಲ. ಚಿತ್ರಕ್ಕೆ ಬೇಕಾದುದು ಅಷ್ಟೇ.

ತಮ್ಮ ಚಿತ್ರಕ್ಕೆ ದೊರೆತಿರುವ ಈ ಬಗೆಯ ಆರಾಧನೆ ತಮಗೆ ಅರ್ಥವಾಗದೆಂದು ನಿರ್ದೇಶಕಿ 2025ರಲ್ಲಿ ಬೆರಗು ವ್ಯಕ್ತಪಡಿಸಿದರು. ತಪ್ಪಿನ ಒಂದು ಪಾಲು ಚಿತ್ರದ್ದೂ ಹೌದೆನ್ನಬೇಕು. ಕ್ರಿಶ್ಚಿಯನ್ ಬೇಲ್ ಅಂಥ ಸುಂದರಾಂಗ ನಟನಿಗೆ ಅಂಥ ಉಡುಪು ತೊಡಿಸಿ ಅಂಥ ಬೆಳಕಿನಲ್ಲಿ ನಿಲ್ಲಿಸಿದ ಮೇಲೆ, ಕಣ್ಣು ಮೊದಲು ಮೆಚ್ಚುತ್ತದೆ. ವಿವೇಕ ಆಮೇಲೆ ಬರುತ್ತದೆ. ಅರೆನಿಮಿಷದ ತುಣುಕಿನಲ್ಲಿ ಅದು ಬರುವುದಕ್ಕೆ ಅವಕಾಶವೆಲ್ಲಿ? ಕೋಟು ಉಳಿಯುತ್ತದೆ, ಬೆವರು ಕತ್ತರಿಸಿಹೋಗುತ್ತದೆ.

ಚಿತ್ರದಲ್ಲಿ ಬೇಟ್‌ಮನ್‌ನನ್ನು ನಿಜವಾಗಿ ಓದುವವಳು ಒಬ್ಬಳೇ, ಅವನ ಕಾರ್ಯದರ್ಶಿ ಜೀನ್. ಅವಳು ಆ ಶ್ರೀಮಂತ ಮಂಡಲಿಗೆ ಸೇರಿದವಳಲ್ಲ, ಸಂಬಳಕ್ಕೆ ದುಡಿಯುವವಳು. ಅವನಿಲ್ಲದ ಹೊತ್ತಿನಲ್ಲಿ ಮೇಜಿನ ದಿನಚರಿಯನ್ನು ತೆರೆದಾಗ, ಪುಟಪುಟದಲ್ಲೂ ಅವನು ಗೀಚಿದ ಕೊಲೆಯ ಚಿತ್ರಗಳು. ಅವಳು ಕಣ್ಣೀರಿಡುತ್ತಾಳೆ. ಕಂಡುದನ್ನು ಅವಳು ಮುಂದೆ ಯಾರಿಗಾದರೂ ಹೇಳಿದಳೇ ಎಂಬುದನ್ನು ಚಿತ್ರ ತಿಳಿಸುವುದಿಲ್ಲ.